ಇಜೇರಿಯ ಕೂಸುಗಳೆಲ್ಲ ಪಾಸು

ನನ್ನ ಮಗಳು ನಾಲ್ಕನೆಯ ತಿಂಗಳಿಗೇ ಪರೀಕ್ಷೆಯಲ್ಲಿ ನಪಾಸಾದಳು. ಅವಳೊಬ್ಬಳೇ ಅಲ್ಲ, ಇಜೇರಿಯ ಕೂಸುಗಳೆಲ್ಲ ಒಟ್ಟಿಗೆ ನಪಾಸಾದವು. ಇಂಥ ಪರೀಕ್ಷೆಯೂ ಉಂಟೇ ಎಂದು ಕೇಳಬೇಡಿ, ಹೇಳುತ್ತೇನೆ.

ನಾನು ಅಫಜಲಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಚೊಚ್ಚಲ ಬಾಣಂತನಕ್ಕೆಂದು ಜೇವರ್ಗಿ ತಾಲ್ಲೂಕಿನ ಇಜೇರಿಗೆ, ತವರಿಗೆ ಬಂದಿದ್ದೆ. ಬಾಣಂತಿ ಎಂದರೆ ಗೊತ್ತಲ್ಲ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಬಾಯಿಗೆ ಬೀಗ. ಆದರೆ ಕಣ್ಣಿಗೆ ಬೀಗ ಹಾಕಲಾದೀತೇ? ಮಗಳನ್ನು ಚಾಪೆಯ ಮೇಲೆ ಮಲಗಿಸಿದಾಗಲೆಲ್ಲ ಅವಳ ಬಲಗಾಲು ಮೇಲಿನ ಫ್ಯಾನನ್ನೇ ಒದ್ದು ಬೀಳಿಸುವ ಹಾಗೆ ಹಾರುತ್ತಿತ್ತು. ಎಡಗಾಲು ಮಾತ್ರ ಸುಮ್ಮನೆ ಬಿದ್ದಿರುತ್ತಿತ್ತು. ಎಡಗೈಯ ಮುಷ್ಟಿಯೂ ಸರಿಯಾಗಿ ಬಿಚ್ಚುತ್ತಿರಲಿಲ್ಲ. ಅವ್ವನಿಗೆ ಹೇಳಿದರೆ, "ಕೂಸಿನ ಕಾಲು ಬೇ ಅದು, ತನ್ನ ಮನಸಿಗಿ ಬಂದಾಗ ಆಡ್ತದ. ನೀನೂ ಹಿಂಗೇ ಇದ್ದಿ. ಓದ್ಕೊಂಡವರಿಗಿ ಬರೇ ಸಂಶಯ," ಎಂದು ಗದರಿದಳು. ನನಗೆ ಅಳು ಬರುತ್ತಿತ್ತು. ಬಾಣಂತಿ ಅತ್ತರೆ ಕಣ್ಣು ಕೆಡುತ್ತವೆಂದು ಅವ್ವ ಅದಕ್ಕೂ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಯೋಜನೆ ಬಂತು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕೂಸುಗಳಿಗೆಂದೇ ಯಾರೋ ಪುಣ್ಯಾತ್ಮರು ಮಾಡಿದ್ದು. ಕೂಸಿನ ಎರಡೂ ಕಾಲಿಗೆ ಕೈಗಡಿಯಾರದಂಥ ಸೆನ್ಸರ್ ಪಟ್ಟಿ ಕಟ್ಟುತ್ತಾರೆ. ಕೂಸು ಎಷ್ಟು ಒದೆಯುತ್ತದೆ, ಎರಡೂ ಕಾಲು ಸಮನಾಗಿ ಆಡುತ್ತವೆಯೇ ಎಂಬುದು ಟ್ಯಾಬಿಗೆ ಹೋಗುತ್ತದೆ. ಬೆಳವಣಿಗೆ ಸರಿಯಿದ್ದರೆ ಹಸಿರು, ಅನುಮಾನವಿದ್ದರೆ ಕೆಂಪು. ಕೆಂಪು ಬಂದ ಕೂಸನ್ನು ಕಲಬುರಗಿಯ ದೊಡ್ಡ ದವಾಖಾನೆಗೆ ಕಳಿಸುತ್ತಾರೆ. ಬೇಗ ಗೊತ್ತಾದರೆ ಕಾಲಿಗೆ ಬೇಗ ವ್ಯಾಯಾಮ ಶುರುವಾಗುತ್ತದೆ, ನಡೆಯುವ ಭರವಸೆ ಹೆಚ್ಚುತ್ತದೆ. ಇದನ್ನು ಕೇಳಿ ನನಗೆ ಹೋದ ಜೀವ ಬಂದಂತಾಯಿತು. ನನ್ನ ಮಾತು ನಂಬದ ಅವ್ವ ಯಂತ್ರದ ಮಾತನ್ನಾದರೂ ನಂಬಿಯಾಳು ಎಂದುಕೊಂಡೆ.

ಅಂಗನವಾಡಿಯಲ್ಲಿ ಉದ್ಘಾಟನೆ ನಡೆಯಿತು. ಸೆನ್ಸರಿಗೆ ಕುಂಕುಮ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದರು. ಕಾಯಿನೀರು ಟ್ಯಾಬಿನ ಮೇಲೆ ಸಿಡಿದು, ಅದನ್ನು ಸೆರಗಿನಿಂದ ಒರೆಸುವ ಹೊತ್ತಿಗೆ ಯೋಜನೆಯ ಸಾಹೇಬರು ಮೈಕು ಹಿಡಿದಿದ್ದರು. "ನಿಮ್ಮ ಮಕ್ಕಳ ಭವಿಷ್ಯ ಇನ್ನು ಮುಂದೆ ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಇರುತ್ತದೆ," ಎಂದು ಘೋಷಿಸಿದರು. ಮುಂದೆ ಕೂತಿದ್ದ ಮುದುಕಿಯೊಬ್ಬಳು, "ಅದು ಎಲ್ಲಿ ಬರ್ತದ್ರಿ? ಬಸ್ಸು ಅದ ಏನ್ರಿ ಅಲ್ಲಿಗಿ?" ಎಂದು ಕೇಳಿದಳು. ಸಾಹೇಬರು ಆ ಪ್ರಶ್ನೆಗೆ ಚಪ್ಪಾಳೆ ತಟ್ಟಿಸಿ ಮುಂದುವರಿದರು.

ಈಗ ಆದ ಅನಾಹುತ ಕೇಳಿ. ಊರಿಗೆ ಸಾಹೇಬರು ಬರುತ್ತಾರೆ, ಫೋಟೊ ತೆಗೆಯುತ್ತಾರೆ ಎಂದು ಗೊತ್ತಾದ ಮೇಲೆ ಯಾವ ಅಜ್ಜಿ ಸುಮ್ಮನಿದ್ದಾಳು? ಅಂದು ಬೆಳಿಗ್ಗೆ ಮನೆಮನೆಯಲ್ಲೂ ಕೂಸಿಗೆ ಎಣ್ಣೆ ತಿಕ್ಕಿ, ಕಾಲಮೇಲೆ ಹಾಕಿಕೊಂಡು, ಕೊಡಗಟ್ಟಲೆ ಬಿಸಿನೀರು ಎರೆದರು. ಲೋಬಾನದ ಹೊಗೆ ಹಾಕಿದರು. ಹೊಟ್ಟೆ ತುಂಬ ಹಾಲು ಕುಡಿಸಿ, ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಬಟ್ಟೆ ಬಿಗಿದು ಸುತ್ತಿ, ತಲೆಗೆ ಕುಂಚಿಗೆ ಕಟ್ಟಿ ತಂದರು. ಹಾಗೆ ಎರೆಸಿಕೊಂಡ ಕೂಸು ಪಕ್ಕದಲ್ಲಿ ಡೊಳ್ಳು ಬಾರಿಸಿದರೂ ಏಳುವುದಿಲ್ಲ. ಅಂಥ ಕೂಸುಗಳ ಕಾಲಿಗೆ ಸುತ್ತಿದ ಬಟ್ಟೆಯ ಮೇಲೆಯೇ ಪಟ್ಟಿ ಕಟ್ಟಿ, ಅವು ಒದೆಯಲೆಂದು ಕಾದರು. ದೃಷ್ಟಿಯಾದೀತೆಂದು ಒಬ್ಬಾಕೆ ಸೆನ್ಸರಿಗೂ ಕಾಡಿಗೆಯ ಬೊಟ್ಟಿಟ್ಟಳು.

ಟ್ಯಾಬಿನ ತುಂಬ ಕೆಂಪೋ ಕೆಂಪು.

ಪಟ್ಟಿ ಕಟ್ಟುತ್ತಿದ್ದ ಹುಡುಗಿಗೆ ನಾನು ಮೆಲ್ಲಗೆ, "ಮಲಗಿದ ಕೂಸು ಒದಿತದೇನವ್ವಾ?" ಎಂದೆ. "ಎಚ್ಚರ ಇದ್ದಾಗೇ ಕಟ್ಟಬೇಕ್ರಿ ಅಕ್ಕಾ. ಸಾಹೇಬ್ರು ಜಲ್ದಿ ಮುಗಸು ಅಂದಾರ್ರಿ," ಎಂದಳು ಪಾಪ. ಸಾಹೇಬರಾದರೋ ಮೊದಲು ಗಾಬರಿಯಾದರು, ಆಮೇಲೆ ಅವರ ಮುಖ ಅರಳಿತು. ಇಷ್ಟು ಹಿಂದುಳಿದ ಊರು ಸಿಕ್ಕೀತೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಯಾರ್‍ಯಾರಿಗೋ ಫೋನು ಹಚ್ಚಿ, "ಸಮಸ್ಯೆ ಬಹಳ ಗಂಭೀರ ಇದೆ ಸರ್," ಎಂದು ಖುಷಿಯಿಂದ ಹೇಳುತ್ತಿದ್ದರು.

ಸುದ್ದಿ ಹತ್ತಿರದ ಅಂದೋಲಾ ಊರಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಇಜೇರಿಯ ಕೂಸುಗಳೆಲ್ಲ ಮಬ್ಬಂತೆ ಎಂದು ಅಲ್ಲಿಯವರು ಬಸ್ಸಿನಲ್ಲೇ ನಗತೊಡಗಿದರು. ಊರಿಗೆ ಊರೇ ಸಿಟ್ಟಿಗೆದ್ದಿತು. ಮುಂದೆ ಹೆಣ್ಣು ಕೊಡುವವರು ಯಾರು, ತರುವವರು ಯಾರು ಎಂದು ತೊಟ್ಟಿಲ ಕೂಸುಗಳ ಮದುವೆಯ ಚಿಂತೆ ಶುರುವಾಯಿತು. ಮತ್ತೊಮ್ಮೆ ಪರೀಕ್ಷೆ ಆಗಲೇಬೇಕೆಂದು ಪಟ್ಟು ಹಿಡಿದರು. ನನಗೂ ಸಮಾಧಾನವಾಯಿತು, ಈ ಸಲವಾದರೂ ಖರೇ ಏನೆಂದು ತಿಳಿಯುತ್ತದಲ್ಲ.

ಎಲ್ಲಿಂದ ತಿಳಿಯಬೇಕು! ಮುಂದಿನ ವಾರ ಕೂಸುಗಳು ಎರೆಸಿಕೊಳ್ಳದೆ, ಸುತ್ತಿಸಿಕೊಳ್ಳದೆ, ಕಣ್ಣು ಪಿಳಿಪಿಳಿ ಬಿಡುತ್ತ ಬಂದವು ನಿಜ. ಆದರೆ ಒಂದೊಂದು ಕೂಸಿನ ಪಕ್ಕದಲ್ಲೂ ಒಬ್ಬೊಬ್ಬ ಅಜ್ಜಿ ಕೂತು, ಕೂಸಿನ ಮೇಲೆ ಸೆರಗು ಹೊದಿಸಿ, ಒಳಗಿನಿಂದ ಎರಡೂ ಕಾಲು ಹಿಡಿದು ಅಲ್ಲಾಡಿಸುತ್ತಿದ್ದಳು. ಪರೀಕ್ಷೆಯ ಕೋಣೆಯಲ್ಲಿ ಚೀಟಿ ಹಿಡಿಯುವುದರಲ್ಲೇ ನನ್ನ ಅರ್ಧ ನೌಕರಿ ಕಳೆದಿದೆ. ಇಂಥ ಕಾಪಿಯನ್ನು ನಾನು ಎಲ್ಲೂ ಕಂಡಿಲ್ಲ. ನಮ್ಮವ್ವನಂತೂ ನನ್ನ ಮಗಳ ಎಡಗಾಲನ್ನು ಬೀಸುವ ಕಲ್ಲಿನ ಗೂಟದಂತೆ ತಿರುಗಿಸುತ್ತಿದ್ದಳು.

"ಅವ್ವಾ, ಕೈ ತೆಗಿ! ಕಾಪಿ ಮಾಡ್ಸಾಕತ್ತೀ ಏನು?" ಎಂದು ಚೀರಿದೆ.

"ಸುಮ್ಕಿರ ಬೇ. ನಾಲ್ಕು ಮಂದ್ಯಾಗ ಮರ್ಯಾದಿ ಕಳೀಬ್ಯಾಡ," ಎಂದು ಇನ್ನೂ ಜೋರಾಗಿ ತಿರುಗಿಸಿದಳು.

ಹಸಿರು. ನನ್ನ ಮಗಳೂ ಹಸಿರು, ಇಡೀ ಊರು ಹಸಿರು. ಸಾಹೇಬರಿಗೆ ಅದೂ ಲಾಭವೇ ಆಯಿತು. ತಮ್ಮ ಯೋಜನೆ ಕಾಲಿಟ್ಟ ವಾರದೊಳಗೆ ಊರಿನ ಕೂಸುಗಳೆಲ್ಲ ಸುಧಾರಿಸಿದವೆಂದು ಮೇಲಕ್ಕೆ ವರದಿ ಕಳಿಸಿ ಪೇಢೆ ಹಂಚಿದರು. ನನ್ನ ಮಗಳನ್ನು ಎತ್ತಿಕೊಂಡು ಅವರು ನಗುತ್ತಿರುವ ಫೋಟೊ ಈಗಲೂ ಅಂಗನವಾಡಿಯ ಗೋಡೆಯ ಮೇಲಿದೆ. ಅದರಲ್ಲಿ ಅವಳ ಎಡಗಾಲು ಜೋತುಬಿದ್ದಿರುವುದನ್ನು ಯಾರೂ ನೋಡುವುದಿಲ್ಲ.

ಮನೆಗೆ ಬಂದು, ಬಾಣಂತಿಗೆಂದು ಮಾಡಿದ ಅಳವಿ ಪಾಯಸದ ಬಟ್ಟಲನ್ನು ದೂರ ತಳ್ಳಿದೆ. ಹಸಿರು ಬಿದ್ದ ಕೂಸನ್ನು ಕಲಬುರಗಿಗೆ ಯಾಕೆ ಒಯ್ಯಬೇಕು ಎಂಬುದು ಅಪ್ಪನ ಪ್ರಶ್ನೆ. ಅವ್ವ ಬಟ್ಟಲನ್ನು ಮತ್ತೆ ನನ್ನ ಮುಂದಿಟ್ಟು, "ಹೆಣ್ಣು ಕೂಸು ಅದ ಬೇ. ಕೆಂಪು ಬಿತ್ತಂದ್ರ ನಿಮ್ಮತ್ತಿ ಮನ್ಯಾಗ ಏನಂದಾರು? ನನಗ ಅಂಜಿಕಿ ಬಂತು," ಎಂದಳು. "ಅವರು ಏನರ ಅನ್ಲಿ. ಇಕಿ ನಡೀಬೇಕು. ನನಗ ಅಷ್ಟೇ ಬೇಕು," ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಒತ್ತರಿಸಿ ಬಂತು. ಅಂದು ಅವ್ವ ಅಳಬೇಡ ಎನ್ನಲಿಲ್ಲ.

ಆ ಪಟ್ಟಿಯ ಹುಡುಗಿಗೆ ನಾನೇ ಫೋನು ಮಾಡಿದೆ. ಜೇವರ್ಗಿಗೆ ಹೋಗುವ ದಾರಿಯಲ್ಲಿ ಅವಳು ನಮ್ಮ ಮನೆಗೆ ಬಂದಳು. ಭಾಷಣವಿಲ್ಲ, ಕಾಯಿ ಇಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿ, ಎಚ್ಚರವಿದ್ದ ಮಗಳನ್ನು ಮಲಗಿಸಿ, ಬರಿಗಾಲಿಗೆ ಪಟ್ಟಿ ಕಟ್ಟಿದಳು. "ಯಾರೂ ಮುಟ್ಟಬ್ಯಾಡ್ರಿ ಅಮ್ಮಾ," ಎಂದು ಅವ್ವನಿಗೆ ಕೈಮುಗಿದಳು. ಅವ್ವ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಚಾಪೆಯ ಅಂಚಿಗೆ ಕೂತಳು.

ಬಲಗಾಲು ಹಾರಿತು, ಮತ್ತೆ ಹಾರಿತು. ಎಡಗಾಲು ಹಾಗೆಯೇ ಇತ್ತು. ಅವ್ವನ ಕೈ ಸೆರಗಿನಿಂದ ಹೊರಬಂದು, ಮತ್ತೆ ಒಳಗೆ ಹೋಯಿತು. "ಒದಿ ನಮ್ಮವ್ವ, ಒಮ್ಮಿ ಒದಿ," ಎಂದು ಕೂಸಿನ ಕಿವಿಯ ಹತ್ತಿರ ಬಗ್ಗಿ ಬೇಡಿಕೊಂಡಳು. ಬಲಗಾಲೇ ಒದೆಯಿತು. ಟ್ಯಾಬಿನಲ್ಲಿ ಬಣ್ಣ ಮೂಡುವ ಮೊದಲೇ ಅವ್ವ ಅಳುತ್ತಿದ್ದಳು. "ಆಡವಲ್ದು ಬೇ. ಖರೇನೇ ಆಡವಲ್ದು," ಎಂದಳು. ಆಮೇಲೆ ಕೆಂಪು ಬಂತು.

ಆ ವಾರವೇ ಕಲಬುರಗಿಗೆ ಹೋದೆವು. ಅಪ್ಪ ತಾನೇ ಮುಂದೆ ನಿಂತು ಗಾಡಿ ಗೊತ್ತು ಮಾಡಿದ. ಡಾಕ್ಟರು ನೋಡಿ, ಎಡಭಾಗಕ್ಕೆ ಬಲ ಕಡಿಮೆ ಇದೆ, ಬೇಗ ಬಂದದ್ದು ಒಳ್ಳೆಯದಾಯಿತು, ಮುಂದೆ ಎಷ್ಟು ಸುಧಾರಿಸುತ್ತದೆಂದು ಈಗಲೇ ಹೇಳಲಾಗದು ಎಂದರು. ಫಿಸಿಯೋಥೆರಪಿಯ ಹೆಣ್ಣುಮಗಳು ನನ್ನ ಮಗಳನ್ನು ಮೇಜಿನ ಮೇಲೆ ಮಲಗಿಸಿಕೊಂಡಳು. ಎಡಗಾಲನ್ನು ಮೆತ್ತಗೆ ಹಿಡಿದು, ಮೊಣಕಾಲು ಮಡಚಿ ಹೊಟ್ಟೆಯ ಕಡೆಗೆ ತಂದು, ನಿಧಾನವಾಗಿ ಚಾಚಿಸಿದಳು. "ಮನ್ಯಾಗ ದಿನಾ ಹಿಂಗ ಮಾಡಸ್ರಿ. ಬಿಡಬ್ಯಾಡ್ರಿ," ಎಂದಳು.

ಅವ್ವ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳ ಕೈಗಳು ಇನ್ನೂ ಸೆರಗಿನೊಳಗೇ ಇದ್ದವು. ಅವಳು ಆ ಹೆಣ್ಣುಮಗಳನ್ನು ಕೇಳಲಿಲ್ಲ, ನನ್ನ ಕಡೆ ತಿರುಗಿದಳು.

"ಈಗ ಕೈ ಹಚ್ಲೇನ್ ಬೇ?" ಎಂದಳು.

"ಹಚ್ಚವ್ವಾ," ಎಂದೆ.