ಇಬ್ಬರಿಗೆ ಬಡಿಸಿದ ಕನ್ನೊನಾವ್

ಅಂಗಡಿಯಮ್ಮನ ಮೂಗು ಎಡಕ್ಕೆ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಕತ್ತೆ ಒದ್ದದ್ದಂತೆ. ಆ ಸೊಟ್ಟ ಮೂಗಿನಿಂದ ತಪ್ಪಿಸಿಕೊಂಡ ವಾಸನೆ ಮಾತ್ರ ಒಂದೂ ಇಲ್ಲ. ನ್ಯೂರೆಂಬರ್ಗ್‌ನ ನಮ್ಮ ಬೀದಿಯ ಮೂಲೆಯಲ್ಲಿದ್ದ ಅವರ ವೈನ್ ಅಂಗಡಿಯ ಬಾಗಿಲು ತಳ್ಳಿದರೆ ಸಾಕು, ಮಾತಿಗೂ ಮೊದಲು ಒಮ್ಮೆ ಮೂಸಿ, "ಇವತ್ತು ಬೆಳ್ಳುಳ್ಳಿ ಒಗ್ಗರಣೆ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಮುದುಡುತ್ತಿತ್ತು. ಕೋಟನ್ನು ಅಡುಗೆಮನೆಯ ಹತ್ತಿರ ನೇತುಹಾಕಬೇಡ ಎಂದು ಹೆಂಡತಿಯೊಂದಿಗೆ ಜಗಳವಾಡಿದ್ದೂ ಉಂಟು.

ಇಟಲಿಯ ಸಾರ್ಡಿನಿಯಾ ದ್ವೀಪದವರು, ವಯಸ್ಸು ಎಂಬತ್ತರ ಹತ್ತಿರ. ಅಂಗಡಿಯಲ್ಲಿ ಹತ್ತಾರು ಬಗೆ ಇದ್ದರೂ ಅವರ ಜೀವ ಇದ್ದದ್ದು ತಮ್ಮ ದ್ವೀಪದ ಕೆಂಪು ವೈನ್ ಕನ್ನೊನಾವ್ ಮೇಲೆ. ಏನು ಅಡುಗೆ ಎಂದು ಹೇಳದೆ ಬಾಟಲಿ ಕೈಗೆ ಸಿಗುತ್ತಿರಲಿಲ್ಲ. ಸುಟ್ಟ ಕುರಿಮರಿ, ಕಾಡುಹಂದಿ, ಹಳೆಯ ಕುರಿಹಾಲಿನ ಚೀಸ್ ಎಂದರೆ ಮುಖ ಅರಳುತ್ತಿತ್ತು. ಒಮ್ಮೆ ಸೂಟು ತೊಟ್ಟ ಮಹಾಶಯನೊಬ್ಬ ಮೀನಿಗೆ ಬೇಕೆಂದ. "ಕೊಡಲ್ಲ. ಆ ಮೀನು ಒಂದು ಸಲ ಸತ್ತದ್ದು ಸಾಲದಾ?" ಎಂದು ಬಾಟಲಿಯನ್ನು ವಾಪಸ್ ಕಪಾಟಿನಲ್ಲಿಟ್ಟರು.

ನಾನು ಅವರಿಗೆ ಹತ್ತಿರವಾದದ್ದು ಅಪ್ಪ ತೀರಿಕೊಂಡ ವರ್ಷ. ಅಪ್ಪ ಮಂಗಳೂರಿನಲ್ಲಿ ಕಣ್ಣುಮುಚ್ಚಿದ ದಿನ ನಾನಿಲ್ಲಿ ಹೆರಿಗೆ ಕೋಣೆಯ ಹೊರಗಿದ್ದೆ. ಹೋಗಲಾಗಲಿಲ್ಲ. ಚಿತೆಗೆ ಬೆಂಕಿ ಕೊಟ್ಟವನು ತಮ್ಮ. ಆಮೇಲೆ ಶುರುವಾಯಿತು ಅಮ್ಮನ ಫೋನು. "ಮಗಾ, ನಿನ್ನೆಯೂ ಕನಸಲ್ಲಿ ಬಂದ್ರು. ಊಟಕ್ಕೆ ಕೂತ್ಕೊಳ್ತಾರೆ, ಎಲೆ ಮುಟ್ಟುದಿಲ್ಲ. ಬಾಗಿಲನ್ನೇ ನೋಡ್ತಾರೆ. ಆಟಿ ತಿಂಗಳಲ್ಲಿ ತಮ್ಮ ಬಡಿಸಿದ, ಎಂತ ಪ್ರಯೋಜನ? ನೀನು ಬಡಿಸ್ಬೇಕು." ಸತ್ತವರಿಗೆ ಅವರಿಷ್ಟದ ಕೋಳಿ, ಕಳ್ಳು ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು ನಮ್ಮ ಕಡೆಯ ಪದ್ಧತಿ. ನನಗೆ ಇದರಲ್ಲೆಲ್ಲ ನಂಬಿಕೆ ಅಷ್ಟಕ್ಕಷ್ಟೇ. ಆದರೆ ಎಲೆ ಮುಟ್ಟದೆ ಕೂತ ಅಪ್ಪನನ್ನು ನೆನೆದರೆ ನನಗೂ ತುತ್ತು ಇಳಿಯುತ್ತಿರಲಿಲ್ಲ.

ಕಳ್ಳಿಗೆ ಇಲ್ಲಿ ಎಲ್ಲಿಗೆ ಹೋಗಲಿ? ಅಂಗಡಿಯಮ್ಮನ ಮುಂದೆ ಹಲ್ಲು ಗಿಂಜುತ್ತ ವಿಷಯ ಹೇಳಿದೆ. ಅವರು ನಗಲಿಲ್ಲ. "ಯಾವ ದಿನ ಬರುತ್ತಾರೆ?" ಎಂದರು, ರೈಲಿಗೆ ಬರುವ ನೆಂಟರನ್ನು ವಿಚಾರಿಸುವ ಹಾಗೆ. ಅವರ ದ್ವೀಪದಲ್ಲೂ ನವೆಂಬರ್ ಶುರುವಿಗೆ ಸತ್ತವರಿಗೆಂದು ಪಾಸ್ತಾ, ರೊಟ್ಟಿ, ಕನ್ನೊನಾವ್ ಇಟ್ಟುಬಿಡುತ್ತಾರಂತೆ. ಮರುದಿನ ನನ್ನಿಂದ ಕೋಳಿ ಸಾರಿನ ಡಬ್ಬಿ ತರಿಸಿ ಮೂಸಿದರು.

"ಇಷ್ಟು ಖಾರಕ್ಕೆ ಈ ವೈನ್ ಸೇರಿದರೆ ಬಾಯಿ ಬೆಂಕಿ. ತೆಂಗಿನಹಾಲು ಜಾಸ್ತಿ ಹಾಕು. ಚಾಕು, ಮುಳ್ಳುಚಮಚ ಇಡಬೇಡ, ಸತ್ತವರಿಗೆ ಚೂಪಾದ್ದು ಆಗಿಬರಲ್ಲ."

"ಅಪ್ಪ ಕೈಯಲ್ಲೇ ಉಣ್ಣುವುದು."

"ಒಳ್ಳೆಯದೇ ಆಯಿತು. ಇಬ್ಬರಿಗೆ ಬಡಿಸು."

"ಇಬ್ಬರಿಗೆ ಯಾಕೆ?"

"ನಿನ್ನ ಅಪ್ಪ ಈ ಊರು ನೋಡಿದ್ದಾರಾ? ಯಾವ ಟ್ರಾಮ್ ಹತ್ತಬೇಕು, ಎಲ್ಲಿ ಇಳಿಯಬೇಕು, ಅವರಿಗೇನು ಗೊತ್ತು? ನನ್ನ ಗಂಡ ಕರೆದುಕೊಂಡು ಬರುತ್ತಾನೆ. ನಾನು ಹೇಳಿರುತ್ತೇನೆ."

ಅವರ ಗಂಡ ಸತ್ತು ಹನ್ನೊಂದು ವರ್ಷವಾಗಿತ್ತು.

ನವೆಂಬರಿನ ಆ ಭಾನುವಾರ ಐದು ಗಂಟೆಗೇ ಕತ್ತಲು. ಏಷ್ಯನ್ ಅಂಗಡಿಯಿಂದ ತಂದ ಬಾಳೆಲೆ ಎರಡು, ಗ್ಲಾಸು ಎರಡು. ಕುರ್ಚಿಗಳನ್ನು ಮೇಜಿಗೆ ಒತ್ತಿಟ್ಟು, ಬಾಗಿಲು ಮುಚ್ಚಿ, ಮಗು ಎತ್ತಿಕೊಂಡ ಹೆಂಡತಿಯ ಜೊತೆ ಹೊರಗೆ ನಿಂತೆ. ಒಳಗೆ ಸದ್ದಿಲ್ಲ. ಅಳುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಗಿ, ಮುಚ್ಚಿದ ಬಾಗಿಲನ್ನು ನೋಡಿ ಕೇಕೆ ಹಾಕಿತು. ಹತ್ತು ನಿಮಿಷ ಬಿಟ್ಟು ತೆರೆದರೆ ಊಟ ಹಾಗೇ ಇತ್ತು. ಕುರ್ಚಿಗಳು ಮಾತ್ರ ಎರಡೂ ಹಿಂದೆ ಸರಿದಿದ್ದವು. ಅವುಗಳಲ್ಲಿ ಒಂದು ಅಡ್ಡಕ್ಕೆ ತಿರುಗಿತ್ತು. ಮಂಡಿನೋವಿನ ಅಪ್ಪ ಕಾಲು ಚಾಚಲು ಹಾಗೆಯೇ ತಿರುಗಿಸಿಕೊಳ್ಳುತ್ತಿದ್ದರು.

"ನೆಲದಡಿ ಯು-ಬಾನ್ ರೈಲು ಓಡ್ತದಲ್ಲ, ನಡುಗಿರ್ಬೇಕು ಮಾರಾಯ್ರೆ" ಎಂದಳು ಹೆಂಡತಿ. ನಾನು ಹೂಂ ಎಂದೆ. ಇಬ್ಬರೂ ಆ ಕುರ್ಚಿ ಮುಟ್ಟಲಿಲ್ಲ.

ಮರುದಿನ ಅಮ್ಮನ ಫೋನು. "ನಿನ್ನೆ ಕನಸಲ್ಲಿ ಹೊಟ್ಟೆ ತುಂಬ ಉಂಡ್ರು ಮಗಾ! ಅವನಲ್ಲಿಗೆ ಹೋಗಿ ಬಂದೆ ಅಂತ ಹೇಳಿ ಎದ್ದು ಹೋದ್ರು." ಫೋನು ಹಿಡಿದುಕೊಂಡೇ ಗಳಗಳ ಅತ್ತುಬಿಟ್ಟೆ. ಅಮ್ಮ ಸ್ವರ ತಗ್ಗಿಸಿ ಕೇಳಿದರು, "ಗೇಟಿನ ಹತ್ರ ಉದ್ದ ಕೋಟಿನವರೊಬ್ರು ಕಾಯ್ತಿದ್ರು. ಅದ್ಯಾರು? ಮುಖ ಕಾಣ್ಲಿಲ್ಲ." ಎರಡನೇ ಎಲೆಯ ಸಂಗತಿ ನಾನು ಅಮ್ಮನಿಗೆ ಹೇಳಿರಲೇ ಇಲ್ಲ.

ಅಂಗಡಿಗೆ ಓಡಿದೆ. ಕೇಳುತ್ತ ಕೇಳುತ್ತ ಅಂಗಡಿಯಮ್ಮ ಕೌಂಟರನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಹನ್ನೊಂದು ವರ್ಷದಿಂದ ಬಡಿಸುತ್ತಿದ್ದೇನೆ. ನನ್ನ ಕನಸಿಗೆ ಒಂದು ಸಲವೂ ಬಂದಿಲ್ಲ. ಅವನು ಸಾಯುವಾಗ ನಾನು ಇಲ್ಲಿ, ಅಂಗಡಿಯಲ್ಲಿದ್ದೆ. ಹೇಳು, ಮುಖ ಹೇಗಿತ್ತು?"

ಅವರ ಕಣ್ಣು ನೋಡಿದ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ. "ನಗುತ್ತಿದ್ದರಂತೆ" ಎಂದೆ.

"ಹಾಗಾದರೆ ಸಿಟ್ಟಿಲ್ಲ" ಎಂದು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡರು.

ಫೆಬ್ರವರಿಯಲ್ಲಿ ಅವರೂ ಹೋದರು, ನಿದ್ದೆಯಲ್ಲಿ. ನನ್ನ ಅಪ್ಪನನ್ನು ನನ್ನ ಮನೆಗೆ ತಲುಪಿಸಿದವರಿಗೆ ನಾನು ಕೊಟ್ಟದ್ದು ಒಂದು ಸುಳ್ಳು. ಈಗ ಗಂಡನ ಮುಖವನ್ನು ಅವರೇ ನೋಡಿರುತ್ತಾರೆ. ಪ್ರತಿ ನವೆಂಬರ್ ಮೂರು ಎಲೆ ಹಾಕುತ್ತೇನೆ. ಮೂರನೆಯದರ ಮುಂದೆ ನಿಂತು, "ಅಂಗಡಿಯಮ್ಮ, ಆವತ್ತು ಹೇಳಿದ್ದು ಸುಳ್ಳು. ನಿಮ್ಮ ಗಂಡ ನಿಜವಾಗಿಯೂ ನಗುತ್ತಿದ್ದಾರಾ?" ಎಂದು ಕೇಳುತ್ತೇನೆ. ಉತ್ತರ ಬಂದೀತೆಂಬ ಹೆದರಿಕೆಗೆ ತಕ್ಷಣ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇನೆ.