ಅಮ್ಮ ಹೇಳದ ಸುಳ್ಳು

ಆಗಿನ್ನೂ ಮರಳೂರಿನ ನಮ್ಮ ಬೀದಿಗೆ ಡಾಂಬರು ಬಿದ್ದಿರಲಿಲ್ಲ. ಮನೆ ಮುಂದಿನ ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ನಿಮ್ಮಲ್ಲೂ ಎಷ್ಟೋ ಜನ ಹಾಗೆ ಆಡಿ ಬೆಳೆದವರೇ ಇರುತ್ತೀರಿ. ಸಂಜೆ ಅಮ್ಮ ಕೆಲಸದಿಂದ ಬಂದಳೆಂದರೆ ನಾನೂ ತಮ್ಮನೂ ಆಟ ಬಿಟ್ಟು ಓಡುತ್ತಿದ್ದೆವು. ಅಮ್ಮ ಗುಬ್ಬಿ ರಸ್ತೆಯ ಒಂದು ಕೊಬ್ಬರಿ ಪುಡಿ ಫ್ಯಾಕ್ಟರಿಯಲ್ಲಿದ್ದಳು. ಅವಳ ಸೆರಗು, ಕೂದಲು, ಊಟದ ಡಬ್ಬಿ, ಎಲ್ಲದಕ್ಕೂ ಹಸಿ ಕೊಬ್ಬರಿಯ ಸಿಹಿ ವಾಸನೆ ಅಂಟಿಕೊಂಡಿರುತ್ತಿತ್ತು. ಅಪ್ಪ ಬಾಡಿಗೆಗೆ ಲಗೇಜ್ ಆಟೋ ಓಡಿಸುತ್ತಿದ್ದ. ಅವನ ದುಡಿಮೆ ಒಂದು ದಿನ ಇದ್ದರೆ ಇನ್ನೊಂದು ದಿನ ಇಲ್ಲ. ಮನೆ ಬಾಡಿಗೆ, ರೇಷನ್, ನಮ್ಮಿಬ್ಬರ ಸ್ಕೂಲು ನಿಂತಿದ್ದು ಅಮ್ಮನ ಸಂಬಳದ ಮೇಲೆ.

ನನ್ನ ಏಳನೇ ಕ್ಲಾಸಿನ ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಗಿತ್ತು. ಒಂದು ಮಧ್ಯಾಹ್ನ ಅಮ್ಮನ ಜೊತೆ ಕೆಲಸ ಮಾಡುತ್ತಿದ್ದ ಮುಮ್ತಾಜ್ ಆಂಟಿ ಆಟೋದಲ್ಲಿ ಬಂದಿಳಿದಳು. ತಲೆಯ ಮೇಲೆಲ್ಲ ಬಿಳಿ ಪುಡಿ.

"ಗಾಬ್ರಿ ಆಗ್ಬೇಡ ಕಣೇ. ಅಮ್ಮನ ಕೈ ಮಿಷನ್‌ಗೆ ಸಿಕ್ತು. ಆಸ್ಪತ್ರೇಲವ್ಳೆ. ಮಾತಾಡ್ತವ್ಳೆ, ಏನೂ ಆಗಲ್ಲ," ಅಂದಳು.

ಬಲಗೈಯ ಮೂರು ಬೆರಳು ಹೋಗಿದ್ದವು. ಕೊಬ್ಬರಿ ತುರಿಯುವ ಮಿಷನ್ನಿನ ಮುಚ್ಚಳ ಎಷ್ಟೋ ದಿನದಿಂದ ಮುರಿದಿತ್ತಂತೆ. ಹೇಳಿದರೂ ಯಾರೂ ಹಾಕಿಸಿರಲಿಲ್ಲ.

ಮಾರನೇ ದಿನ ನಾನು ಅಮ್ಮನ ಮಂಚದ ತುದಿಯಲ್ಲಿ ಕಾಫಿ ಫ್ಲಾಸ್ಕ್ ಹಿಡಿದು ಕೂತಿದ್ದಾಗ ಫ್ಯಾಕ್ಟರಿಯ ಸೂಪರ್‌ವೈಸರ್ ಬಂದರು. ಸೇಬು ತಂದಿದ್ದರು. ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆತ್ತಗೆ ಮಾತಾಡಿದರು.

"ನೋಡಿ, ಡಾಕ್ಟ್ರು ಹೆಂಗಾಯ್ತು ಅಂತ ಬರ್ಕೊಳೋಕೆ ಬರ್ತಾರೆ. ಕುಣಿಗಲ್ ಹತ್ರ ನಿಮ್ಮೂರಲ್ಲಿ ಹಸೂಗೆ ಮೇವು ಕತ್ತರಿಸೋವಾಗ ಆಯ್ತು ಅನ್ನಿ. ಆಸ್ಪತ್ರೆ ಖರ್ಚು ನಮ್ದು. ಕೈ ವಾಸಿಯಾದ್ಮೇಲೆ ಕೆಲ್ಸಾನೂ ಕೊಡ್ತೀವಿ. ಫ್ಯಾಕ್ಟರೀಲಿ ಅಂದ್ರೆ ಕೇಸು ಗೀಸು ಅಂತ ಎಲ್ರಿಗೂ ತೊಂದ್ರೆ."

ಅಪ್ಪ ತಲೆಯಾಡಿಸಿದ. ಅಪ್ಪ ಹೆದರುವವನಲ್ಲ, ಆದರೆ ಆ ದಿನ ಹೆದರಿದ್ದ. ಮಲಗಿದ್ದ ಅಮ್ಮ ಕಣ್ಣು ಬಿಟ್ಟಳು.

"ಸಾರ್, ನಮ್ಮೂರ ಮನೇಲಿ ಹಸೂನೇ ಇಲ್ಲ," ಅಂದಳು.

ಸೂಪರ್‌ವೈಸರ್ ನಕ್ಕರು, ಅಮ್ಮ ನಗಲಿಲ್ಲ. ಅವರು ಹೋದ ಮೇಲೆ ಅಪ್ಪ, "ಅವರನ್ನ ಎದುರು ಹಾಕ್ಕೊಂಡು ಬದುಕಕ್ಕಾಗುತ್ತಾ? ಖರ್ಚು ಕೊಡ್ತೀವಿ ಅಂತವ್ರೆ," ಅಂದ.

"ಇವತ್ತಿನ ಖರ್ಚು ಕೊಡ್ತಾರೆ. ಬೆರಳು ಹೋಗಿರೋದು ಇವತ್ತಿಗೆ ಮಾತ್ರನಾ?" ಅಂದಳು ಅಮ್ಮ. "ನನ್ ಸಂಬ್ಳದಲ್ಲಿ ತಿಂಗ್ಳು ತಿಂಗ್ಳೂ ಇಎಸ್‌ಐಗೆ ಅಂತ ಹಿಡ್ಕೊಂಡವ್ರೆ. ಇಂಥಾ ಟೈಮಿಗೆ ಅಂತಾನೇ ತಾನೆ? ನಾನೇ ಊರಲ್ಲಿ ಆಯ್ತು ಅಂದ್ಬುಟ್ರೆ ನಾಳೆ ಯಾರ್ನ ಕೇಳ್ಲಿ?"

ಆಮೇಲೆ ಬಂದ ಡಾಕ್ಟರಿಗೆ ಅಮ್ಮ ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಅಪ್ಪ ಕಿಟಕಿ ಕಡೆ ತಿರುಗಿ ನಿಂತಿದ್ದ.

ಅಲ್ಲಿಂದ ಕಷ್ಟ ಶುರುವಾಯಿತು. ಆ ದಿನ ಅಮ್ಮ ಕೆಲಸಕ್ಕೇ ಬಂದಿರಲಿಲ್ಲ ಎಂದುಬಿಟ್ಟರು ಫ್ಯಾಕ್ಟರಿಯವರು. ಸಂಬಳ ನಿಂತಿತು, ಇಎಸ್‌ಐ ಕಡೆಯಿಂದ ಬರಬೇಕಾದದ್ದೂ ವಿಚಾರಣೆ ಅಂತ ನಿಂತಿತು. ಕುಣಿಗಲ್ ಕಡೆಯಿಂದ ಅಜ್ಜಿ ರಾಗಿ ಹಿಟ್ಟು, ಹುರುಳಿಕಾಳು ಹೊತ್ತುಕೊಂಡು ಬಂದಳು. ಬಂದವಳೇ, "ಮಗೀನ ನಂಜೊತೆ ಕಳ್ಸಿ. ಅಲ್ಲೇ ಸ್ಕೂಲಿಗೆ ಹಾಕ್ತೀನಿ. ಒಂದು ಹೊಟ್ಟೆ ಕಮ್ಮಿಯಾಗ್ತದೆ," ಅಂದಳು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ಬ್ಯಾಡ ಕಣವ್ವ," ಅಂದಳು ಅಮ್ಮ. "ಇವ್ಳು ಇಲ್ಲೇ ಓದ್ಲಿ. ನನ್ ಕೈ ಹೋಯ್ತು ಅಂತ ಮಕ್ಳು ಮನೆ ಬುಡೋದು ಬ್ಯಾಡ."

ಮನೆಯೊಳಗೆ ಎಲ್ಲ ತಿರುವುಮುರುವಾಯಿತು. ಅಪ್ಪ ಮುದ್ದೆ ಕಟ್ಟಲು ಕಲಿತ. ಮೊದಮೊದಲು ಮುದ್ದೆಯೊಳಗೆ ಹಸಿ ಹಿಟ್ಟಿನ ಗಂಟುಗಳು ಸಿಗುತ್ತಿದ್ದವು. ತಮ್ಮ ಮುಖ ಕಿವುಚಿದರೆ ಅಮ್ಮ, "ಚೆನ್ನಾಗೈತೆ, ತಿನ್ಲಾ," ಎಂದು ಎಡಗೈಯಲ್ಲೇ ಹುರುಳಿ ಸಾರಿನಲ್ಲಿ ಅದ್ದಿ ನುಂಗುತ್ತಿದ್ದಳು. ನನ್ನ ಜಡೆ ಹಾಕಲು ಅವಳು ಹೆಣಗುತ್ತಿದ್ದುದು ನೆನಪಿದೆ. ಅರ್ಧ ದಾರಿಯಲ್ಲಿ ಜಡೆ ಬಿಚ್ಚಿಹೋಗುತ್ತಿತ್ತು. ಅವಳು ಮತ್ತೆ ಶುರುಮಾಡುತ್ತಿದ್ದಳು. ನಾನು ಅಲುಗಾಡದೆ ಕೂರುತ್ತಿದ್ದೆ.

ಒಂದು ದಿನ ಇಎಸ್‌ಐ ಆಫೀಸಿನಿಂದ ಅಧಿಕಾರಿಯೊಬ್ಬರು ಫ್ಯಾಕ್ಟರಿಗೆ ವಿಚಾರಣೆಗೆ ಬಂದರಂತೆ. ಅಲ್ಲಿ ಏನು ನಡೆಯಿತೆಂಬುದನ್ನು ಆ ಸಂಜೆ ಮುಮ್ತಾಜ್ ಆಂಟಿ ನಮ್ಮ ಬಾಗಿಲಲ್ಲಿ ಕೂತು ಹೇಳಿದಳು. ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಆ ದಿನ ಅಮ್ಮ ಕೆಲಸಕ್ಕೆ ಬಂದಿದ್ದಳೇ ಎಂದು ಕೇಳಿದರಂತೆ. ಸೂಪರ್‌ವೈಸರ್ ಎದುರಿಗೇ ನಿಂತಿದ್ದರಂತೆ. ಎಲ್ಲರೂ ನೆಲ ನೋಡುತ್ತಿದ್ದರಂತೆ.

"ನೀನೇನ್ ಹೇಳ್ದೆ?" ಅಮ್ಮ ಕೇಳಿದಳು.

"ಏನ್ ಹೇಳ್ಲಿ? ಮಿಷನ್ ಆಫ್ ಮಾಡಿದ್ದು ನಾನೇ, ನನ್ ದುಪಟ್ಟಾ ಹರ್ದು ಕೈಗೆ ಸುತ್ತಿದ್ದು ನಾನೇ ಅಂದೆ. ಬಂದೇ ಇಲ್ಲ ಅಂದ್ರೆ ನಾನ್ ಸುತ್ತಿದ್ದು ಯಾರ್ ಕೈಗೆ ಸಾರ್ ಅಂತ ಕೇಳ್ದೆ."

ಅವಳ ಗಂಡ ತೀರಿಕೊಂಡಿದ್ದ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಹಾಗಿದ್ದೂ ಮೊದಲು ಬಾಯಿ ಬಿಟ್ಟವಳು ಅವಳು. ಅವಳ ಹಿಂದೆಯೇ ಇನ್ನೊಬ್ಬಳು ಹೌದು ಅಂದಳಂತೆ, ಆಮೇಲೆ ಮತ್ತೊಬ್ಬಳು. ಕೊನೆಗೆ ಆ ಸಾಲಿನಲ್ಲಿದ್ದವರೆಲ್ಲ ಹೇಳಿದರಂತೆ. ಅಷ್ಟೂ ಜನರನ್ನು ಕೆಲಸದಿಂದ ತೆಗೆಯಲು ಫ್ಯಾಕ್ಟರಿಯವರಿಗೂ ಆಗಲಿಲ್ಲ.

ಅಮ್ಮ ಒಳಗೆ ಹೋಗಿ ಎಡಗೈಯಲ್ಲಿ ಕಾಫಿ ಸೋಸಿ ತಂದಳು. ಅರ್ಧ ಚೆಲ್ಲಿತ್ತು. ಮುಮ್ತಾಜ್ ಆಂಟಿ ಉಳಿದದ್ದನ್ನು ಕುಡಿದು, ಸಕ್ಕರೆ ಜಾಸ್ತಿ ಅಂದಳು. ಆಗ ಇಬ್ಬರೂ ಅತ್ತರು. ಪೆಟ್ಟಾದ ಮೇಲೆ ಅಮ್ಮ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಳೆಗಾಲ ಬರುವ ಹೊತ್ತಿಗೆ, ಕೆಲಸಕ್ಕೆ ಹೋಗದಿದ್ದ ದಿನಗಳ ಹಣ ಇಎಸ್‌ಐನಿಂದ ಬಂತು. ಆಮೇಲೆ ಡಾಕ್ಟರುಗಳು ಕೈ ಪರೀಕ್ಷೆ ಮಾಡಿ, ಅವಳು ಬದುಕಿರುವವರೆಗೂ ತಿಂಗಳು ತಿಂಗಳೂ ಹಣ ಬರುವ ಹಾಗೆ ಮಾಡಿದರು. ದೊಡ್ಡ ಮೊತ್ತವೇನಲ್ಲ. ಆದರೆ ಯಾರ ಮುಂದೆಯೂ ಕೈ ಒಡ್ಡದೆ ಮನೆ ಬಾಡಿಗೆ ಕಟ್ಟಿದೆವು. ಎಂಟನೇ ಕ್ಲಾಸಿಗೆ ನಾನು ಅದೇ ಸ್ಕೂಲಿಗೆ ಹೋದೆ. ಅಮ್ಮ ಅದೇ ಫ್ಯಾಕ್ಟರಿಗೆ ಪ್ಯಾಕೆಟ್ ಸರಿಯಿದೆಯೇ ಎಂದು ನೋಡುವ ಕೆಲಸಕ್ಕೆ ವಾಪಸ್ ಹೋದಳು. ಮೊದಲ ದಿನ ಅಪ್ಪನೇ ಆಟೋದಲ್ಲಿ ಗೇಟಿನವರೆಗೂ ಬಿಟ್ಟುಬಂದ. ಬಂದು ನಮಗೆ ಹೇಳಿದ: "ನಿಮ್ಮಮ್ಮ ತಲೆ ಎತ್ಕೊಂಡು ಒಳಕ್ಕೋದ್ಲು ಕಣ್ರೋ." ಇಂದಿಗೂ ಆ ಮಾತು ನೆನೆದರೆ ನನ್ನ ಬೆನ್ನು ನೆಟ್ಟಗಾಗುತ್ತದೆ.

ಈಗ ಆ ಫ್ಯಾಕ್ಟರಿ ಇಲ್ಲ, ಆ ಜಾಗದಲ್ಲಿ ಸೈಟುಗಳಾಗಿವೆ. ಜೊತೆಯಲ್ಲಿದ್ದ ಹೆಂಗಸರು ಒಬ್ಬೊಬ್ಬರು ಒಂದೊಂದು ಕಡೆ ಚದುರಿದರು. ಮುಮ್ತಾಜ್ ಆಂಟಿ ಮಗಳ ಮನೆ ಸೇರಿದಳು. ಹಬ್ಬಕ್ಕೆ ಅಮ್ಮನಿಗೆ ತಪ್ಪದೆ ಫೋನ್ ಮಾಡುತ್ತಾಳೆ. ನಾನು ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಗಾರರ ಇಎಸ್‌ಐ ವ್ಯವಹಾರವನ್ನೇ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಮಿಷನ್ನುಗಳಿಗೆಲ್ಲ ಮುಚ್ಚಳವಿದೆ, ಎಲ್ಲರಿಗೂ ಕಾರ್ಡಿದೆ, ಮೂಲೆಮೂಲೆಯಲ್ಲೂ ಕ್ಯಾಮೆರಾ ಇದೆ. ಕಂಟ್ರಾಕ್ಟಿನಲ್ಲಿ ಬರುವ ಹುಡುಗಿಯರು ಮಾತ್ರ ನಿಲ್ಲುವುದಿಲ್ಲ. ಇವತ್ತಿದ್ದವರು ಮುಂದಿನ ತಿಂಗಳಿಲ್ಲ.

ಮೊನ್ನೆ ಒಬ್ಬ ಹುಡುಗಿಯ ಕೈಗೆ ಸಣ್ಣ ಗಾಯವಾಗಿತ್ತು. ವಿವರ ಬರೆದುಕೊಳ್ಳುತ್ತಾ, ಆಗ ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿದೆ.

"ಒಬ್ರು ಇದ್ರು ಮೇಡಂ," ಅಂದಳು. "ಹೆಸ್ರು ಗೊತ್ತಿಲ್ಲ."