ಬ್ಯಾರನ್‌ನಲ್ಲಿ ಬೆಂದ ಪಿಎಚ್.ಡಿ.

ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗೆ ಬೆಂಕಿ ಬೀಳಬಹುದಿತ್ತು. ಭಾಮೈದನ ವರ್ಷದ ಹೊಗೆಸೊಪ್ಪು ಬೂದಿಯಾಗಿ, ಹೆಂಡತಿಯ ತವರಿನವರೆಲ್ಲ ನಮ್ಮ ಮನೆಗೇ ಬಂದು ಕೂರಬಹುದಿತ್ತು. ನನ್ನ ಬಿಳಿ ಪುಡಿಯನ್ನು ಅತ್ತೆಯವರು ಅಡುಗೆ ಸೋಡಾ ಎಂದುಕೊಂಡು ಬೋಂಡದ ಹಿಟ್ಟಿಗೆ ಹಾಕಬಹುದಿತ್ತು. ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸರು ಡಬ್ಬಿ ತೆಗೆಸಿ, "ಏನ್ರೀ ಇದು?" ಎನ್ನಬಹುದಿತ್ತು. (ಫೆರೋಎಲೆಕ್ಟ್ರಿಕ್ ಸೆರಾಮಿಕ್ಸಿಗೆ ಬೇಕಾದ ಪುಡಿ ಸಾರ್ ಎಂದರೆ ಬಿಡುತ್ತಿದ್ದರೇ?)

ಇದ್ಯಾವುದೂ ಆಗಲಿಲ್ಲ.

ನಾನು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುವ ಮೇಷ್ಟ್ರು. ಕೂದಲು ಉದುರುವ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಸೇರಿದವನು. ನಿಮ್ಮ ಮನೆಯ ಗ್ಯಾಸ್ ಲೈಟರ್ ಒತ್ತಿದರೆ ಟಕ್ ಎಂದು ಕಿಡಿ ಬರುತ್ತದಲ್ಲ? ಅದನ್ನು ಹುಟ್ಟಿಸುವುದು ಒಳಗಿರುವ ಪಿಂಗಾಣಿಯಂಥ ತುಂಡು. ಅದರಲ್ಲಿ ಸೀಸವಿದೆ. ಸೀಸ ವಿಷ. ಸೀಸವಿಲ್ಲದ ಬಿಲ್ಲೆಯಿಂದಲೂ ಅಷ್ಟೇ ಜೋರು ಕಿಡಿ ಹೊರಡಿಸಬೇಕು. ಇದೇ ನನ್ನ ಟಾಪಿಕ್. ನನ್ನ ಬಿಲ್ಲೆಗಳೋ ನನ್ನ ಹಾಗೆಯೇ, ಎಷ್ಟು ಒತ್ತಿದರೂ ಕಿಡಿಯಿಲ್ಲ.

ಕಾರಣ ತೇವ. ಬಿಲ್ಲೆಗೆ ಹಾಕುವ ಪೊಟ್ಯಾಸಿಯಂ ಕಾರ್ಬೊನೇಟ್ ಪುಡಿ ಗಾಳಿಯಲ್ಲಿರುವ ನೀರನ್ನೆಲ್ಲ ಹೀರುತ್ತದೆ. ತೂಗಿದರೆ ಪುಡಿಯ ಲೆಕ್ಕದಲ್ಲಿ ನೀರನ್ನೂ ತೂಗಿದಂತೆ. ಒಣಗಿಸಲು ಓವನ್ ಇದೆ, ಅದು ದಿನಗಟ್ಟಲೆ ಕಾಯಲು ಕರೆಂಟಿಲ್ಲ. ಮಳೆಗಾಲ ಬೇರೆ. "ಈ ಸಲವೂ ರೀಡಿಂಗ್ ಬರದಿದ್ದರೆ ಟಾಪಿಕ್ ಬದಲಾಯಿಸಿಬಿಡಿ" ಎಂದರು ಮೈಸೂರಿನ ನನ್ನ ಗೈಡ್. ವರ್ಷಗಟ್ಟಲೆ ಮಾಡಿದ ಕೆಲಸ, ಸ್ವಾಮಿ.

ಕರೆಂಟಿಲ್ಲದೆ ಹಗಲೂ ರಾತ್ರಿ ಒಣ ಬಿಸಿ ಎಲ್ಲಿ ಸಿಗುತ್ತದೆ? ನಮ್ಮ ಸೀಮೆಯಲ್ಲಿ ಇದೂ ಒಂದು ಪ್ರಶ್ನೆಯೇ? ಪಿರಿಯಾಪಟ್ಟಣದ ಹತ್ತಿರ ಭಾಮೈದ ಬಸವರಾಜುವಿನ ಬ್ಯಾರನ್‌ನಲ್ಲಿ ಸೌದೆ ಉರಿಯ ಬಿಸಿಗೆ ಹೊಗೆಸೊಪ್ಪು ಬೇಯುತ್ತಿತ್ತು. ಡಬ್ಬಿ ಹಿಡಿದು ಹೋದೆ.

"ಏನ್ ಭಾವ ಇದು, ಈಬೂತಿಯಾ?"

"ಅಲ್ಲ ಕಣಯ್ಯ, ಪೊಟ್ಯಾಸಿಯಂ."

"ಪೊಟ್ಯಾಷಾ? ಅದ್ನ ಗಿಡದ ಬುಡಕ್ಕೆ ಆಕ್ತೀವಿ ಭಾವ. ನೀವು ಸೊಪ್ಪು ಕುಯ್ದಾದ್ಮೇಲೆ ತಂದಿದ್ದೀರಲ್ಲ."

ಡಬ್ಬಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಒಳಗಿಟ್ಟೆವು. ನಾನು ಬ್ಯಾರನ್ ಬಿಟ್ಟು ಕದಲಲಿಲ್ಲ. ಇಣುಕುಗಾಜಿಗೆ ಮೂಗೊತ್ತಿ ನಿಂತೇ ಇದ್ದೆ.

"ಸುಮ್ಕೆ ಉಣ್ಣಕ್ ಬನ್ನಿ ಭಾವ" ಎಂದ ಬಸವರಾಜು. "ಎದ್ದೋಗಕೆ ನಿಮ್ ಪುಡಿಗೇನು ಕಾಲಿದ್ದಾವಾ?"

ಪುಡಿ ಗರಿಗರಿಯಾಗಿ ಒಣಗಿತು. ಜೊತೆಗೆ ಹದವಾಗಿ ಬೆಂದ ಹೊಗೆಸೊಪ್ಪಿನ ಘಮವೂ ಹತ್ತಿಕೊಂಡಿತು. ಹತ್ತಿದರೇನು, ಕುಲುಮೆಗೆ ಹೋದರೆ ಸುಟ್ಟುಹೋಗುತ್ತದೆ ಎಂದುಕೊಂಡೆ.

ಬಿಗಿಯಾಗಿ ಮುಚ್ಚಿ ತಂದ ಡಬ್ಬಿಯ ಮುಚ್ಚಳವನ್ನು ಮೈಸೂರಿನಲ್ಲಿ ಗೈಡ್ ತೆಗೆದರು. ಮೂಗಿನ ಹತ್ತಿರ ಹಿಡಿದರು. ಮುಚ್ಚಿದರು. ಮತ್ತೆ ತೆಗೆದರು.

"ಚೆನ್ನಾಗಿ ಒಣಗಿದೆ ಕಣ್ರೀ" ಎಂದರು, ಕಣ್ಣು ಮುಚ್ಚಿಕೊಂಡೇ.

ಪುಡಿ ತೂಗಿ, ಬಿಲ್ಲೆ ಒತ್ತಿ, ಕುಲುಮೆಯಲ್ಲಿ ಸುಟ್ಟು ಮೀಟರಿಗೆ ಹಚ್ಚಿದೆವು. ಮುಳ್ಳು ಮೇಲೆದ್ದಿತು. ಮೀಟರ್ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ಟಾಪಿಕ್ ಉಳಿಯಿತು, ನಾನೂ ಉಳಿದೆ.

ಕೆಟ್ಟದ್ದು ಒಂದೇ. ಕಳೆದ ವಾರ ಗೈಡ್ ಅವರ ಮನೆಯಿಂದ ಮೇಡಂ ಫೋನ್ ಮಾಡಿದರು. "ಇವರು ಸಿಗರೇಟು ಬಿಟ್ಟು ಎಷ್ಟು ವರ್ಷ ಆಗಿತ್ತು ಗೊತ್ತಾ ಮೇಷ್ಟ್ರೇ? ಈಗ ನಾನು ಪೂಜೆಗೆ ಕೂತ್ರೆ ಸಾಕು, ಅಡುಗೆಮನೇಲಿ ಲೈಟರ್ ಟಕ್ ಅನ್ನುತ್ತೆ. ಕಾಫಿ ಮಾತ್ರ ಬರಲ್ಲ. ಆ ಡಬ್ಬೀಲಿ ಏನ್ ತಂದುಕೊಟ್ರಿ ಇವರಿಗೆ?"

ಆ ಲೈಟರ್‌ನಲ್ಲಿ ಸೀಸವಿದೆ ಮೇಡಂ, ಹುಷಾರು ಎನ್ನಲು ಹೊರಟವನು, "ಪೊಟ್ಯಾಸಿಯಂ ಮೇಡಂ" ಎಂದು ಫೋನ್ ಇಟ್ಟೆ.

ಮುಂದಿನ ಬ್ಯಾಚನ್ನೂ ಬ್ಯಾರನ್‌ನಲ್ಲೇ ಒಣಗಿಸಿ ತರಬೇಕೆಂದು ಗೈಡ್ ಹೇಳಿದ್ದಾರೆ. ಪುಡಿ ಇಲ್ಲದಿದ್ದರೂ ಪರವಾಗಿಲ್ಲ, ಡಬ್ಬಿ ಬಂದರೆ ಸಾಕಂತೆ.